ಸ್ಪೇನಿನ ಸಂಶೋಧನೆ, ಸುರಪುರದ ಎದೆನೋವು

"ಬೀಟಾ ಬ್ಲಾಕರ್ ಗುಳಿಗೆ ದಂಡ" ಅನ್ನೋ ವಾಟ್ಸಾಪ್ ಸುದ್ದಿಗೆ ಇನ್ನೂ ಸಾವು ಬಂದಿಲ್ಲ. ಅದು ಹುಟ್ಟಿದ್ದು 2025ರ ಆಗಸ್ಟ್ ಕೊನೆಗೆ. ಬೀಟಾ ಬ್ಲಾಕರ್ ಅಂದರೆ ಹಾರ್ಟ್ ಅಟ್ಯಾಕ್ ಆದವರಿಗೆ ಕೊಡುವ, ನಾಡಿ ಮತ್ತು ಬಿಪಿ ಇಳಿಸುವ ಗುಳಿಗೆ. ಇಲ್ಲಿ ಕಲಬುರಗಿಯ ಸೇಡಂ ರಸ್ತೆಯಲ್ಲಿ ನಂದೊಂದು ಮೆಡಿಕಲ್ ಅಂಗಡಿ. ಆ ಮೆಸೇಜ್ ಹಿಡಿದುಕೊಂಡು ಈಗಲೂ ಜನ ಬರುತ್ತಾರೆ. "ಅಣ್ಣಾ, ಇದೊಂದು ಗುಳಿಗಿ ಬ್ಯಾಡ, ತಗೀರಿ. ಮಗ ಪುಣಾದಾಗ ಅದಾನ, ಅಂವ ಕಳಿಸ್ಯಾನ ನೋಡ್ರಿ" ಅಂತ ಮೊಬೈಲ್ ಮುಂದೆ ಹಿಡಿಯುತ್ತಾರೆ. ಚೀಟಿಯಲ್ಲಿರುವ ಗುಳಿಗೆಗಳಲ್ಲಿ ಒಂದು ಕಡಿಮೆಯಾದರೂ ತಿಂಗಳಿಗೆ ನಾಲ್ಕು ದುಡ್ಡು ಉಳಿಯುತ್ತೆ. ಆಸೆ ಸಹಜ.

ನಾನು ಡಾಕ್ಟರ್ ಅಲ್ಲ. ಫಾರ್ಮಸಿ ಓದಿ ಗುಳಿಗೆ ಮಾರುವವನು. ಆದರೆ ಇಂಥ ಸುದ್ದಿ ಬಂದಾಗ ಅದರ ಮೂಲ ಹುಡುಕಿ ಓದುವ ಚಟ ಇದೆ. ಓದಿದ ಮೇಲೆ ಹೇಳ್ತೀನಿ, ಸುದ್ದಿ ಪೂರ್ತಿ ಸುಳ್ಳಲ್ಲ. ಅರ್ಧ ನಿಜ. ಅದೇ ತಾಪತ್ರಯ.

ಆ ಸುದ್ದಿಯ ಹಿಂದಿರುವ ಸಂಶೋಧನೆಯ ಹೆಸರು ರೀಬೂಟ್. ಸ್ಪೇನ್ ಮತ್ತು ಇಟಲಿಯ 109 ಆಸ್ಪತ್ರೆಗಳು, ಸುಮಾರು 8,500 ಜನ. ಎಲ್ಲರೂ ಹಾರ್ಟ್ ಅಟ್ಯಾಕ್ ಆದವರೇ. ಆದರೆ ಹೃದಯದ ಸ್ಕ್ಯಾನ್ ಆದ ಎಕೋದ ರಿಪೋರ್ಟಿನಲ್ಲಿ ಇಎಫ್ ಅಂತ ಒಂದು ನಂಬರ್ ಇರುತ್ತಲ್ಲ, ಹೃದಯ ಎಷ್ಟು ಚೆನ್ನಾಗಿ ಪಂಪ್ ಮಾಡುತ್ತೆ ಅನ್ನೋ ಲೆಕ್ಕ, ಅದು 40ಕ್ಕಿಂತ ಮೇಲಿದ್ದವರು. ಅರ್ಧ ಜನಕ್ಕೆ ಬೀಟಾ ಬ್ಲಾಕರ್ ಕೊಟ್ಟರು, ಅರ್ಧ ಜನಕ್ಕೆ ಕೊಡಲಿಲ್ಲ. ನಾಲ್ಕು ವರ್ಷದ ಹತ್ತಿರ ಕಾದು ನೋಡಿದರು. ಸಾವು, ಮತ್ತೆ ಅಟ್ಯಾಕ್, ಹೃದಯ ಸೋತು ಅಡ್ಮಿಟ್ ಆಗುವುದು, ಎಲ್ಲ ಸೇರಿಸಿ ನೋಡಿದರೂ ಎರಡು ಗುಂಪಿಗೂ ಹೆಚ್ಚು ವ್ಯತ್ಯಾಸ ಬರಲಿಲ್ಲ.

ಇಲ್ಲಿಯವರೆಗೆ ವಾಟ್ಸಾಪ್ ಸರಿ. ಮುಂದಿನದು ಅದರಲ್ಲಿ ಇಲ್ಲ. ಮ್ಯಾಡ್ರಿಡ್‌ನ ಅದೇ ಸಮ್ಮೇಳನದಲ್ಲಿ, ಅದೇ ದಿನ, ನಾರ್ವೆ ಮತ್ತು ಡೆನ್ಮಾರ್ಕ್‌ನವರೂ 5,574 ಜನರ ಮೇಲೆ ಮಾಡಿದ ಇಂಥದ್ದೇ ಸಂಶೋಧನೆ ಮುಂದಿಟ್ಟರು. ಅದರಲ್ಲಿ ಗುಳಿಗೆಯಿಂದ ಸ್ವಲ್ಪ ಲಾಭ ಕಂಡಿತ್ತು. ಎಲ್ಲರ ಲೆಕ್ಕ ಕೂಡಿಸಿ ನೋಡಿದಾಗ ಇಎಫ್ 40ರಿಂದ 49ರ ಒಳಗೆ ಇದ್ದವರಿಗೆ ಗುಳಿಗೆ ಕೆಲಸ ಮಾಡುತ್ತೆ, 50 ದಾಟಿದವರಿಗೆ ಅಷ್ಟಾಗಿ ಇಲ್ಲ ಅಂತ ತಿಳಿಯಿತು. 40ಕ್ಕಿಂತ ಕೆಳಗಿದ್ದವರನ್ನು ಈ ಪರೀಕ್ಷೆಗೆ ಸೇರಿಸಿಕೊಳ್ಳಲೇ ಇಲ್ಲ. ಅವರಿಗೆ ಈ ಗುಳಿಗೆ ಬೇಕೇ ಬೇಕು ಅಂತ ಹಿಂದೆಯೇ ಗೊತ್ತಾಗಿದೆ. ಇನ್ನು 2024ರಲ್ಲಿ ಫ್ರಾನ್ಸಿನವರು ಬೇರೆ ಪ್ರಶ್ನೆ ಕೇಳಿದ್ದರು. ಈಗಾಗಲೇ ನುಂಗುತ್ತಿರುವವರು ನಿಲ್ಲಿಸಿದರೆ ಏನಾಗುತ್ತೆ? ನಿಲ್ಲಿಸಿದವರಲ್ಲಿ ಬಿಪಿ ಏರಿತು, ನಾಡಿ ಏರಿತು, ಆಸ್ಪತ್ರೆ ಸೇರಿದವರೂ ಜಾಸ್ತಿ.

ಹಾಗಾಗಿ ಮೊಬೈಲ್ ತೋರಿಸುವವರಿಗೆ ನನ್ನ ಮೊದಲ ಪ್ರಶ್ನೆ, "ಎಕೋದಾಗ ಇಎಫ್ ಎಷ್ಟದ?" ಹೆಚ್ಚಿನವರಿಗೆ ಗೊತ್ತಿರಲ್ಲ. ರಿಪೋರ್ಟು ಮನೆಯಲ್ಲಿ ಟ್ರಂಕಿನೊಳಗೆ ಇರುತ್ತೆ. ಮಾರನೇ ದಿನ ತಂದು ತೋರಿಸಿದರೆ 35, 38 ಇರುವುದೂ ಉಂಟು. ಇಂಥವರು ಸ್ಪೇನಿನ ಸುದ್ದಿ ನಂಬಿ ಗುಳಿಗೆ ಬಿಟ್ಟರೆ ಏನು ಗತಿ?

ಇನ್ನೊಂದು ಬಾಲ ಆ ಸುದ್ದಿಗೆ ಇತ್ತು, "ಹೆಂಗಸರಿಗೆ ಈ ಗುಳಿಗೆ ಅಪಾಯ" ಅಂತ. ರೀಬೂಟಿನ ಹೆಂಗಸರನ್ನಷ್ಟೇ ಬೇರೆ ಮಾಡಿ ನೋಡಿದಾಗ ಹಾಗೆ ಕಂಡದ್ದು ಹೌದು. ಹಗುರಾಗಿ ತಗೋಬೇಕು ಅಂತ ಹೇಳಲ್ಲ, ಆದರೆ ಹೀಗೆ ಗುಂಪು ಒಡೆದು ನೋಡುವುದರಲ್ಲಿ ಒಂದು ಮೋಸ ಇದೆ. 1988ರಲ್ಲಿ ಆಸ್ಪಿರಿನ್ ಹಾರ್ಟ್ ಅಟ್ಯಾಕಿಗೆ ಜೀವ ಉಳಿಸುತ್ತೆ ಅಂತ ತೋರಿಸಿದ ದೊಡ್ಡ ಸಂಶೋಧನೆ ಬಂತು, 17,187 ಜನರದ್ದು. ವಯಸ್ಸು, ಲಿಂಗ ಅಂತ ಒಡೆದು ತೋರಿಸಿ ಅಂತ ಅದನ್ನು ಅಚ್ಚು ಹಾಕುವ ವೈದ್ಯಕೀಯ ಪತ್ರಿಕೆಯವರು ಪಟ್ಟು ಹಿಡಿದರು. ಸಂಶೋಧಕರು ಹುಟ್ಟಿದ ರಾಶಿಯ ಪ್ರಕಾರವೂ ಒಡೆದು ತೋರಿಸಿದರು! ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಕೆಲಸ ಮಾಡಲ್ಲ ಅಂತ ಲೆಕ್ಕ ಬಂತು. ನಂದೂ ತುಲಾ ರಾಶಿ. ನನಗೆ ಅಟ್ಯಾಕ್ ಆದರೆ ಆಸ್ಪಿರಿನ್ ಕೊಡಬೇಡಿ ಅಂತ ಬರೆದಿಡಲೇ?

ಈಗ ನಾನು ಹೇಳಬೇಕಾದ ಮಾತಿಗೆ ಬರ್ತೀನಿ. ರೀಬೂಟಿನಲ್ಲಿದ್ದ ಬಹುತೇಕರಿಗೆ ಆಂಜಿಯೋಪ್ಲಾಸ್ಟಿ ಆಗಿತ್ತು. ರಕ್ತನಾಳ ತೆರೆದು, ಹೃದಯದ ಹೆಚ್ಚು ಭಾಗ ಉಳಿದ ಮೇಲೆ ಗುಳಿಗೆ ಬೇಕಾ ಬೇಡವಾ ಅನ್ನೋದು ಅವರ ಪ್ರಶ್ನೆ. ನಮ್ಮ ಹುಣಸಗಿ, ಸುರಪುರ, ಚಿಂಚೋಳಿ ಕಡೆಯ ಎಷ್ಟೋ ಜನ ಎದೆನೋವು ಬಂದ ಮರುದಿನ ಕಲಬುರಗಿಗೆ ಬರುತ್ತಾರೆ. ಅಷ್ಟೊತ್ತಿಗೆ ಆಗಬಾರದ್ದೆಲ್ಲ ಆಗಿರುತ್ತೆ. ಕಲಬುರಗಿ, ಯಾದಗಿರಿ, ಬೀದರ್, ನಮ್ಮ ಈ ಮೂರು ಜಿಲ್ಲೆಗೆ ಬೇಕಾದ ಸಂಶೋಧನೆ ಹೊಸ ಗುಳಿಗೆಯದ್ದಲ್ಲ, ಗಡಿಯಾರದ್ದು. ಅದು ಸುದ್ದಿಯಾಗಲ್ಲ ಅಷ್ಟೇ.

2008ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಕ್ರಿಯೇಟ್ ಅಂತ ಒಂದು ಅಧ್ಯಯನ ಬಂತು. ನಡೆಸಿದವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನವರೇ. ದೇಶದ 89 ಆಸ್ಪತ್ರೆ, 20,937 ರೋಗಿಗಳು. ನೋವು ಶುರುವಾದಾಗಿನಿಂದ ಆಸ್ಪತ್ರೆ ಮುಟ್ಟುವ ತನಕ ನಡುಮಟ್ಟದ ಲೆಕ್ಕ 360 ನಿಮಿಷ. ಆರು ತಾಸು! ಅದರಲ್ಲಿ ಇನ್ನೊಂದು ಸಂಗತಿ ಇದೆ, ನನಗೆ ಅದನ್ನು ಓದಿದ ದಿನ ಊಟ ಸೇರಲಿಲ್ಲ. 30 ದಿನದೊಳಗೆ ತೀರಿಕೊಂಡವರು ಶ್ರೀಮಂತರಲ್ಲಿ ನೂರಕ್ಕೆ 5.5, ಬಡವರಲ್ಲಿ 8.2. ಬಡವರ ರೋಗ ಹೆಚ್ಚು ಕೆಟ್ಟದ್ದಿತ್ತಾ ಅಂತ ನೋಡಿದರು. ಅದರಿಂದ ಈ ಅಂತರ ಹೋಗಲಿಲ್ಲ. ಯಾರಿಗೆ ಎಷ್ಟು ಚಿಕಿತ್ಸೆ ಸಿಕ್ಕಿತು ಅನ್ನೋದನ್ನು ಲೆಕ್ಕಕ್ಕೆ ತಗೊಂಡಾಗ ಹೋಯಿತು. ಅಂದರೆ ಹೊಸದೇನೂ ಕಂಡುಹಿಡಿಯಬೇಕಿಲ್ಲ, ಇರುವುದನ್ನೇ ಎಲ್ಲರಿಗೂ ಕೊಟ್ಟರೆ ಸಾಕಿತ್ತು.

ಹಳೆಯ ಲೆಕ್ಕ, ಈಗ ರಸ್ತೆ ಸುಧಾರಿಸಿದೆ, 108 ಬಂದಿದೆ ಅಂತೀರಿ. ಸರಿ. ಆದರೆ ಆ ಆರು ತಾಸಿನ ಮೊದಲ ಪಾಲು ರಸ್ತೆಯಲ್ಲಿ ಹೋಗಲ್ಲ. ಅದು ನನ್ನ ಕೌಂಟರಿನಲ್ಲೇ ಹೋಗುತ್ತೆ. "ಎದಿ ಉರಿಲಾಕತ್ತದ, ಗ್ಯಾಸಿನ ಗುಳಿಗಿ ಕೊಡ್ರಿ. ರಾತ್ರಿ ಮಿರ್ಚಿ ಭಜಿ ತಿಂದೀನಿ, ಅದಕ್ಕ ಇರ್ಬೇಕು." ಅಂಗಿ ಬೆವರಿಗೆ ಮೈಗೆ ಅಂಟಿರುತ್ತೆ, ಒಂದು ಕೈ ಕೌಂಟರಿನ ಗಾಜು ಹಿಡಿದಿರುತ್ತೆ, ಎಡದವಡೆ ತಿಕ್ಕಿಕೊಳ್ಳುತ್ತಿರುತ್ತಾರೆ. ನಾನು ಗುಳಿಗೆ ಕೊಡಲ್ಲ. "ಕಾಕಾ, ಕೂಡ್ರಿ. ಮೊದಲ ಇಸಿಜಿ" ಅಂತೀನಿ. "ಯಾಪಾರ ಬ್ಯಾಡೇನು ನಿಮಗ?" ಅಂತ ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋದವರೂ ಇದ್ದಾರೆ. ಅಲ್ಲಿ ಗುಳಿಗೆ ಸಿಗುತ್ತೆ. ಸಕ್ಕರೆ ಕಾಯಿಲೆ ಇದ್ದವರು, ಹೆಂಗಸರು, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಉಸಿರುಕಟ್ಟು, ವಾಂತಿ ಇರಬಹುದು. ಅವರಂತೂ ಇನ್ನೂ ತಡ.

ಇದರ ತಮಾಷೆ ನೋಡಿ. 2025ರ ಜೂನ್-ಜುಲೈಯಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಟಿವಿಯಲ್ಲಿ ಬಂದಾಗ, ಏನೂ ಆಗದವರು ಹೃದಯದ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವ ಪಾಳಿ ಹಚ್ಚಿದರು. ತಜ್ಞರ ಸಮಿತಿ ನೋಡಿ, ಸಾವು ಅಸಹಜವಾಗಿ ಏರಿಲ್ಲ ಅಂತ ವರದಿ ಕೊಟ್ಟಿತು. ನೋವಿಲ್ಲದವರು ಆಸ್ಪತ್ರೆ ಮುಂದೆ, ನೋವಿದ್ದವರು ಗ್ಯಾಸಿನ ಗುಳಿಗೆ ಮುಂದೆ.

ಈಗ ಅಟ್ಯಾಕಿಗೆ ಕೊಡುವ ಒಂದು ಇಂಜೆಕ್ಷನ್ ವಿಚಾರ. ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್. ಮೊದಲಿನ ಸ್ಟ್ರೆಪ್ಟೋಕೈನೇಸನ್ನು ಡ್ರಿಪ್ ಹಚ್ಚಿ ನಿಧಾನಕ್ಕೆ ಬಿಡಬೇಕಿತ್ತು. ಇದನ್ನು ತೂಕಕ್ಕೆ ತಕ್ಕಂತೆ ಒಂದೇ ಸಲ ಹತ್ತು ಸೆಕೆಂಡಿನೊಳಗೆ ಕೊಟ್ಟು ಮುಗಿಸಬಹುದು. ತಾಲೂಕು ಆಸ್ಪತ್ರೆಗೆ ಹೇಳಿ ಮಾಡಿಸಿದ ಔಷಧ. 2013ರ ಸ್ಟ್ರೀಮ್ ಅನ್ನೋ ಸಂಶೋಧನೆ ಕೇಳಿದ್ದು ನಮ್ಮದೇ ಪ್ರಶ್ನೆ. ನೋವು ಶುರುವಾಗಿ ಮೂರು ತಾಸಿನೊಳಗೆ ಬಂದವರು, ಒಂದು ತಾಸಿನಲ್ಲಿ ಆಂಜಿಯೋಪ್ಲಾಸ್ಟಿ ಸಿಗುವ ಹಾಗಿಲ್ಲ, ಏನು ಮಾಡಬೇಕು? ಸುಮಾರು 1,900 ಜನರಲ್ಲಿ ಅರ್ಧ ಜನಕ್ಕೆ ಇಂಜೆಕ್ಷನ್ ಕೊಟ್ಟು ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಉಳಿದವರನ್ನು ನೇರ ಆಂಜಿಯೋಪ್ಲಾಸ್ಟಿಗೆ ಒಯ್ದರು. ಒಂದು ತಿಂಗಳಾದ ಮೇಲೆ ಎರಡೂ ಗುಂಪು ಹೆಚ್ಚುಕಡಿಮೆ ಸಮ.

ಆದರೆ ಎರಡು ಮುಳ್ಳು ಇದ್ದವು. ಮೊದಲನೆಯದು, ವಯಸ್ಸಾದವರಲ್ಲಿ ಮಿದುಳಿನ ರಕ್ತಸ್ರಾವ. ಸಂಶೋಧನೆ ನಡೆಯುತ್ತಿರುವಾಗಲೇ 75 ದಾಟಿದವರಿಗೆ ಅರ್ಧ ಡೋಸ್ ಮಾಡಿದರು. ಎರಡನೆಯದು ನಮ್ಮವರು ತಿಳಿಯದ ಸಂಗತಿ. ಇಂಜೆಕ್ಷನ್ ತಗೊಂಡವರಲ್ಲಿ ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಜನಕ್ಕೆ ಹೆಪ್ಪು ಸರಿಯಾಗಿ ಕರಗದೆ ತುರ್ತಾಗಿ ಆಂಜಿಯೋಗ್ರಾಮ್, ಅಂದರೆ ನಾಳದಲ್ಲಿ ಎಲ್ಲಿ ತಡೆ ಇದೆ ಅಂತ ನೋಡುವ ಪರೀಕ್ಷೆ, ಬೇಕಾಯಿತು. ಉಳಿದವರಿಗೂ ಒಂದು ದಿನದೊಳಗೆ ಮಾಡಿದರು. ನಮ್ಮಲ್ಲಿ? ಇಂಜೆಕ್ಷನ್ ಬಿದ್ದು ಅರ್ಧ ತಾಸಿಗೆ ನೋವು ಇಳಿಯುತ್ತೆ, ಮುಖಕ್ಕೆ ಕಳೆ ಬರುತ್ತೆ. "ಆರಾಮಾಗ್ಯಾದಲ್ಲ, ಇನ್ನ ಕಲಬುರ್ಗಿಗಿ ಯಾಕ? ರಾಶಿ ಅದ, ಮನಿಗಿ ಹೋಗಮು" ಅಂತ ಎದ್ದುಬಿಡುತ್ತಾರೆ. ತೊಗರಿ ರಾಶಿ ಕಾಯುತ್ತೆ, ಹೃದಯ ಕಾಯಲ್ಲ ಅಂತ ಅಲ್ಲಿಯ ಸಿಸ್ಟರ್ ಎಷ್ಟು ಸಲ ಹೇಳಬೇಕು?

ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದದ್ದು ಈ ಲೆಕ್ಕದ ಮೇಲೆಯೇ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಕಳಿಸಿದರೆ ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡಿ ಹೇಳುತ್ತಾರೆ. ಬೇಕಾದರೆ ಟೆನೆಕ್ಟೆಪ್ಲೇಸ್ ಅಲ್ಲೇ, ಪುಕ್ಕಟೆ. ಹೊರಗೆ ಅದರ ಬೆಲೆ ಹತ್ತಾರು ಸಾವಿರ. ಸರ್ಕಾರಗಳನ್ನು ಬೈಯುವುದರಲ್ಲಿ ನಾನು ಯಾರಿಗೂ ಕಡಿಮೆ ಇಲ್ಲ, ಆದರೆ ಇದು ಒಳ್ಳೆಯ ಕೆಲಸ, ಒಪ್ಪಬೇಕು. ಇಂಥ ಜೋಡಣೆ ತಮಿಳುನಾಡಿನಲ್ಲಿ ಮೊದಲೇ ಪರೀಕ್ಷೆ ಆಗಿತ್ತು. 2017ರಲ್ಲಿ ಅದರ ಫಲಿತಾಂಶ ಬಂತು, 2,420 ರೋಗಿಗಳು. ವರ್ಷದೊಳಗಿನ ಸಾವು ನೂರಕ್ಕೆ 17.6 ಇದ್ದದ್ದು 14.2ಕ್ಕೆ ಇಳಿಯಿತು. ಹೊಸ ಔಷಧ ಒಂದೂ ಇಲ್ಲ. ಸಣ್ಣ ಆಸ್ಪತ್ರೆಗೂ ದೊಡ್ಡ ಆಸ್ಪತ್ರೆಗೂ ನಡುವೆ ಫೋನು, ಇಸಿಜಿ, ಆಂಬುಲೆನ್ಸ್ ಸರಿಯಾಗಿ ಕೂಡಿಸಿದರು ಅಷ್ಟೇ.

ಆಕ್ಸಿಜನ್ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. "ಆಕ್ಸಿಜನ್ ಯಾಕ ಹಚ್ಚಿಲ್ಲ?" ಅಂತ ಸಿಬ್ಬಂದಿ ಜೊತೆ ಜಗಳಕ್ಕೆ ಬೀಳಬೇಡಿ. ಸ್ವೀಡನ್ನಿನಲ್ಲಿ 6,600ಕ್ಕೂ ಹೆಚ್ಚು ಜನರ ಮೇಲೆ ನೋಡಿದ್ದಾರೆ, 2017ರಲ್ಲಿ. ಬೆರಳಿನ ಮೀಟರ್ 90 ಅಥವಾ ಮೇಲಿದ್ದರೆ ಆಕ್ಸಿಜನ್ನಿಂದ ಲಾಭ ಇಲ್ಲ. ಜಗಳ ಮಾಡುವುದಿದ್ದರೆ ಇಸಿಜಿ ತಡ ಮಾಡಿದ್ದಕ್ಕೆ ಮಾಡಿ. ಬಂದ ಹತ್ತು ನಿಮಿಷದಲ್ಲಿ ಅದು ಆಗಬೇಕು.

ಸ್ಟೆಂಟಿನ ವಿಚಾರ ಮಾತ್ರ, ಅಂದರೆ ನಾಳ ಮುಚ್ಚದ ಹಾಗೆ ಒಳಗೆ ಕೂರಿಸುವ ಸಣ್ಣ ಜಾಲರಿ ಕೊಳವೆಯದ್ದು, ಸ್ವಲ್ಪ ಬಿಡಿಸಿ ಹೇಳಬೇಕು. ಅಟ್ಯಾಕ್ ಆಗುತ್ತಿರುವಾಗ ಸ್ಟೆಂಟ್ ಜೀವ ಉಳಿಸುತ್ತೆ, ಅದರಲ್ಲಿ ಅನುಮಾನ ಬೇಡ. ಆದರೆ ನಡೆದಾಗ ನೋವು, ಕುಂತರೆ ಆರಾಮ, ತಿಂಗಳುಗಟ್ಟಲೆ ಹೀಗೇ ಇದೆ ಅನ್ನುವವರ ಕಥೆ ಬೇರೆ. 2017ರಲ್ಲಿ ಬ್ರಿಟನ್ನಿನವರು ಎದೆಗಾರಿಕೆಯಿಂದ ಒಂದು ಪರೀಕ್ಷೆ ಮಾಡಿದರು, ಆರ್ಬಿಟಾ ಅಂತ. 200 ರೋಗಿಗಳು. ಎಲ್ಲರನ್ನೂ ಟೇಬಲ್ ಮೇಲೆ ಮಲಗಿಸಿ, ಮಂಪರು ಬರಿಸಿ, ಕಿವಿಗೆ ಹೆಡ್‌ಫೋನ್ ಹಾಕಿದರು. ಅರ್ಧ ಜನಕ್ಕೆ ಸ್ಟೆಂಟ್ ಹಾಕಿದರು, ಅರ್ಧ ಜನಕ್ಕೆ ಸುಮ್ನೆ ಹಾಕಿದ ಹಾಗೆ ಮಾಡಿ ಎಬ್ಬಿಸಿದರು. ಯಾರಿಗೆ ಏನಾಗಿದೆ ಅಂತ ರೋಗಿಗೂ ಗೊತ್ತಿಲ್ಲ, ಆಮೇಲೆ ನೋಡಿಕೊಂಡ ಡಾಕ್ಟರಿಗೂ ಗೊತ್ತಿಲ್ಲ. ಎಲ್ಲರೂ ಗುಳಿಗೆ ಸರಿಯಾಗಿ ನುಂಗುತ್ತಿದ್ದರು. ಆರು ವಾರ ಬಿಟ್ಟು ನಡೆಸಿ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. 2023ರಲ್ಲಿ ಅವರೇ ಮತ್ತೆ, ಈ ಸಲ ನೋವಿನ ಗುಳಿಗೆ ನಿಲ್ಲಿಸಿದವರ ಮೇಲೆ ಮಾಡಿದಾಗ ಸ್ಟೆಂಟ್‌ನಿಂದ ನೋವು ಕಡಿಮೆಯಾಯಿತು. ಅಂದರೆ ನೋವಿಗೆ ಅದು ಉಪಯೋಗಕ್ಕೆ ಬರುತ್ತೆ. ಆದರೆ ಆಯುಷ್ಯ ಬೆಳೆಸುತ್ತೆ ಅಂತ ಅಲ್ಲ. ಐದು ಸಾವಿರಕ್ಕೂ ಹೆಚ್ಚು ಜನರ ಇಸ್ಕೀಮಿಯಾ ಸಂಶೋಧನೆಯೂ ಇಂಥ ಸ್ಥಿರ ರೋಗಿಗಳಲ್ಲಿ ಅದನ್ನೇ ಹೇಳಿತು. ಎಡ ಮುಖ್ಯ ನಾಳದಲ್ಲಿ ಬ್ಲಾಕ್ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ, ಅವರ ದಾರಿ ಬೇರೆ.

ನಮ್ಮ ಕಡೆ ಬ್ಲಾಕ್ ಅಂದರೆ ಸಾಕು, ಎರಡೆಕರೆ ಅಡವಿಟ್ಟು ಸೋಲಾಪುರಕ್ಕೋ ಹೈದರಾಬಾದಿಗೋ ರಾತ್ರೋರಾತ್ರಿ ಓಡುತ್ತಾರೆ. ನನ್ನ ಗಿರಾಕಿಯೊಬ್ಬರಿಗೆ "ಇವತ್ತೇ ಹಾಕಿಸದಿದ್ದರೆ ಗ್ಯಾರಂಟಿ ಇಲ್ಲ" ಅಂದಿದ್ದರಂತೆ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಅವರಿಗೆ ಇದ್ದದ್ದು ಹೊಲಕ್ಕೆ ಏರಿ ಹತ್ತುವಾಗ ಮಾತ್ರ ಬರುವ ನೋವು. ಇನ್ನೊಬ್ಬ ತಜ್ಞರಿಗೆ ತೋರಿಸಿ, ಗುಳಿಗೆ ಸರಿಮಾಡಿಸಿಕೊಂಡು ಈಗ ಚೆನ್ನಾಗಿದ್ದಾರೆ. ಎಲ್ಲರಿಗೂ ಹೀಗೇ ಆಗುತ್ತೆ ಅಂತ ಅಲ್ಲ. ಆದರೆ "ಇದು ಈಗ ಆಗ್ತಿರೋ ಅಟ್ಯಾಕಾ, ಇಲ್ಲ ಮೊದಲಿಂದ ಇರೋ ನೋವಾ? ಎರಡು ದಿನ ತಡ ಆದರೆ ಏನಾಗ್ತದ ಸಾಹೇಬ್ರ?" ಅಂತ ಕೇಳೋಕೆ ದುಡ್ಡು ಬೀಳಲ್ಲ.

2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೊಸ ಆಸ್ಪತ್ರೆ ಉದ್ಘಾಟನೆ ಆಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆ 371 ಹಾಸಿಗೆ. ನಮ್ಮ ಭಾಗಕ್ಕೆ ದೊಡ್ಡ ಸಂಗತಿ. ಬೆಂಗಳೂರಿನ ರೈಲು ಹತ್ತುವುದು ತಪ್ಪಿತು. ಆದರೆ ಎಷ್ಟೇ ಹಾಸಿಗೆ ಇದ್ದರೂ ಹುಣಸಗಿಯ ರೋಗಿ ಹನ್ನೆರಡು ತಾಸು ಬಿಟ್ಟು ಬಂದರೆ ಅದಕ್ಕೆ ಬೆಲೆ ಕಡಿಮೆ. ನನಗೆ ಓದಬೇಕಾಗಿರುವ ಸಂಶೋಧನೆ ಇದು. ಯಾದಗಿರಿ, ಬೀದರ್, ಕಲಬುರಗಿಯ ಯಾವ ತಾಲೂಕಿನವರು ನೋವು ಬಂದು ಎಷ್ಟು ನಿಮಿಷಕ್ಕೆ ಇಸಿಜಿ ಮಾಡಿಸಿಕೊಂಡರು, ಎಷ್ಟು ನಿಮಿಷಕ್ಕೆ ಇಂಜೆಕ್ಷನ್ ಬಿತ್ತು, ಮರುದಿನದೊಳಗೆ ಎಷ್ಟು ಜನ ಆಂಜಿಯೋಗ್ರಾಮಿಗೆ ಬಂದರು, ಬರದಿದ್ದವರು ಯಾಕೆ ಬರಲಿಲ್ಲ. ಇದಕ್ಕೆ ಕೋಟಿ ಬೇಡ. ಒಂದು ರಿಜಿಸ್ಟರ್, ಸರಿಯಾಗಿ ತುಂಬುವ ಒಬ್ಬ ಮನುಷ್ಯ, ಮತ್ತು ಬಂದ ಲೆಕ್ಕವನ್ನು ಮುಚ್ಚಿಡದೆ ಹೊರಗೆ ಹಾಕುವ ಧೈರ್ಯ.

ಇದನ್ನು ಓದುವವರಲ್ಲಿ ಪಂಚಾಯಿತಿ ಮೆಂಬರುಗಳಿದ್ದೀರಿ, ಪತ್ರಕರ್ತರಿದ್ದೀರಿ, ಶಾಸಕರ ಹಿಂದೆ ಓಡಾಡುವ ಗೆಳೆಯರೂ ಇದ್ದೀರಿ. ಸರ್ಕಾರಿ ಕೆಲಸಗಳ ಪ್ರಗತಿ ನೋಡುವ ಮುಂದಿನ ಕೆಡಿಪಿ ಸಭೆಯಲ್ಲಿ ರಸ್ತೆ, ಚರಂಡಿ ಮುಗಿದ ಮೇಲೆ ತಾಲೂಕು ಆರೋಗ್ಯಾಧಿಕಾರಿಗೆ ಮೂರು ಮಾತು ಕೇಳಿಸಿ. ಟೆನೆಕ್ಟೆಪ್ಲೇಸ್ ಇವತ್ತು ಸ್ಟಾಕ್ ಎಷ್ಟಿದೆ? ರಾತ್ರಿ ಎರಡು ಗಂಟೆಗೆ ಇಸಿಜಿ ತೆಗೆಯುವವರು ಯಾರು, ಹೆಸರು ಹೇಳಿ. ಹೋದ ತಿಂಗಳು ಇಂಜೆಕ್ಷನ್ ತಗೊಂಡವರಲ್ಲಿ ಎಷ್ಟು ಜನ ಕಲಬುರಗಿ ಮುಟ್ಟಿದರು? ಸಿಕ್ಕ ಉತ್ತರವನ್ನು ಇಲ್ಲೇ ಕಾಮೆಂಟಿನಲ್ಲಿ ಹಾಕಿ, ತಾಲೂಕಿನ ಹೆಸರು ಸಮೇತ.