ಲಿನಕ್ಸ್ ಕಷ್ಟ ಅನ್ನುವವರಿಗೆ, ಕೇರಳದಿಂದ

"ಲಿನಕ್ಸ್ ಎಲ್ಲಾ ನಮ್ಮಂಥವರಿಗಲ್ಲ ಮಾರಾಯ, ಅದೇನಿದ್ದರೂ ಇಂಜಿನಿಯರುಗಳಿಗೆ." ಕರ್ನಾಟಕದಲ್ಲಿರುವ ಗೆಳೆಯರಿಂದ ಈ ಮಾತನ್ನು ಈಗಲೂ ಕೇಳುತ್ತಿರುತ್ತೇನೆ. ನಾನು ಈಗಿರುವ ಕೇರಳದಲ್ಲಿ ಇದನ್ನೇ ಒಂದು ಹೈಸ್ಕೂಲು ಮಗುವಿನ ಎದುರು ಹೇಳಿದರೆ ಅದಕ್ಕೆ ತಲೆಬುಡ ತಿಳಿಯುವುದಿಲ್ಲ. ಇಲ್ಲಿನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲಿ ಇರುವುದೇ ಲಿನಕ್ಸ್, ಅಂದರೆ ವಿಂಡೋಸ್ ಬದಲಿಗೆ ಬಳಸಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಮ್. ಮಕ್ಕಳು ಅದರಲ್ಲೇ ಚಿತ್ರ ಬಿಡಿಸುತ್ತಾರೆ, ಅದರಲ್ಲೇ ಪ್ರಾಯೋಗಿಕ ಪರೀಕ್ಷೆ ಮುಗಿಸುತ್ತಾರೆ.

ಪಕ್ಕದ ಮನೆಯ ಹುಡುಗಿ ಎಂಟನೇ ಕ್ಲಾಸು. ಶಾಲೆಯ ಕಾರ್ಯಕ್ರಮಕ್ಕೆ ಪೋಸ್ಟರ್ ಮಾಡಬೇಕೆಂದು ನನ್ನ ಲ್ಯಾಪ್‌ಟಾಪ್ ಕೇಳಿದಳು. ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್ ತೆರೆದಳು. ಒಂದು ವೃತ್ತ, ಅದರ ಮೇಲೆ ಸ್ವಲ್ಪ ಅಂಚಿಗೆ ಸರಿಸಿ ಇನ್ನೊಂದು ಸಣ್ಣ ವೃತ್ತ ಇಟ್ಟು, ಎರಡನ್ನೂ ಆರಿಸಿ, ಒಂದರಿಂದ ಇನ್ನೊಂದನ್ನು ಕತ್ತರಿಸುವ 'ಡಿಫರೆನ್ಸ್' ಒತ್ತಿದಳು. ಚಂದ್ರ ರೆಡಿ. ಫೈಲನ್ನು ಪಿಡಿಎಫ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಂಡು ಹೊರಟಳು. ನನ್ನ ಲ್ಯಾಪ್‌ಟಾಪಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಇದೆ ಅಂತ ಅವಳು ಕೇಳಲೂ ಇಲ್ಲ. ಅವಳಿಗೆ ಅದು ಸುಮ್ನೆ ಕಂಪ್ಯೂಟರ್, ಅಷ್ಟೇ.

ಇದು ಒಂದೇ ದಿನಕ್ಕೆ ಆದದ್ದಲ್ಲ. 2001ರಲ್ಲಿ ಕೇರಳ ಸರ್ಕಾರ 'ಐಟಿ ಅಟ್ ಸ್ಕೂಲ್' ಯೋಜನೆ ಶುರುಮಾಡಿತು. ಮೊದಲಿಗೆ ಅಲ್ಲೂ ಇದ್ದದ್ದು ವಿಂಡೋಸೇ. ಶಿಕ್ಷಕರು, ಸ್ವತಂತ್ರ ತಂತ್ರಾಂಶದ ಬಳಗದವರು ಪಟ್ಟು ಹಿಡಿದು ಕೇಳಿದ್ದರಿಂದ ಆ ದಶಕ ಮುಗಿಯುವ ಹೊತ್ತಿಗೆ ಶಾಲೆಗಳು ಪೂರ್ತಿಯಾಗಿ ಲಿನಕ್ಸ್‌ಗೆ ಬಂದವು. 2017ರಲ್ಲಿ ಆ ಯೋಜನೆಯೇ 'ಕೈಟ್' ಅನ್ನುವ ಸರ್ಕಾರಿ ಕಂಪನಿಯಾಯಿತು. ಶಾಲೆಗಳಲ್ಲಿ ಈಗ ಓಡುವುದು ಉಬುಂಟು ಅನ್ನುವ ಜನಪ್ರಿಯ ಲಿನಕ್ಸ್ ಬಗೆಯ ಮೇಲೆ ಕೈಟ್‌ನವರು ಕಟ್ಟಿದ ಲಿನಕ್ಸ್. ಜಿಂಪ್, ಇಂಕ್‌ಸ್ಕೇಪ್, ಲಿಬ್ರೆ ಆಫೀಸ್, ಜಿಯೋಜೀಬ್ರಾ, ಪೈಥಾನ್ ಹೀಗೆ ಪಾಠಕ್ಕೆ ಬೇಕಾದ ತಂತ್ರಾಂಶಗಳೆಲ್ಲವನ್ನೂ ಅದರಲ್ಲಿ ಮೊದಲೇ ತುಂಬಿಟ್ಟಿರುತ್ತಾರೆ. ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇನ್ನೊಂದು ವಿಷಯ. ಐಸಿಟಿ (ಮಾಹಿತಿ ತಂತ್ರಜ್ಞಾನ) ಪಠ್ಯಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆ ಕನ್ನಡದಲ್ಲೂ ಬರುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್ ಅನ್ನು ಕನ್ನಡದಲ್ಲೇ ಓದಿ ಕಲಿಯುತ್ತಿದ್ದಾರೆ! ಕರ್ನಾಟಕದ ಒಳಗೆ ಇದು ಎಷ್ಟು ಜನಕ್ಕೆ ಗೊತ್ತಿದೆ?

ಹಾಗಾದರೆ ಲಿನಕ್ಸ್ ಸುಲಭವೇ? ನನ್ನ ಉತ್ತರ: ಬಳಸುವುದು ಸುಲಭ. ಹಾಕಿಕೊಳ್ಳುವ ದಿನ ಮತ್ತು ಕೆಟ್ಟು ಕೂರುವ ದಿನ, ಇವೆರಡು ಮಾತ್ರ ಕಷ್ಟ. ಕೇರಳದವರು ಈ ಎರಡು ದಿನಗಳ ಹೊರೆಯನ್ನು ಮಕ್ಕಳ ತಲೆಯಿಂದ ಇಳಿಸಿದರು. ಹಾಕುವ ಕೆಲಸ ಶಾಲೆಯದು. ಕೆಟ್ಟರೆ ನೋಡಲು ಅದೇ ಶಾಲೆಯಲ್ಲಿ ತರಬೇತಿ ಪಡೆದ ಶಿಕ್ಷಕರು, ಅವರ ಮೇಲೆ ಜಿಲ್ಲೆಯಲ್ಲಿ ಮಾಸ್ಟರ್ ಟ್ರೈನರ್‌ಗಳು. ಎಲ್ಲಾ ಶಾಲೆಯಲ್ಲೂ ಒಂದೇ ಬಗೆಯ ಲಿನಕ್ಸ್ ಇರುವುದರಿಂದ ಒಬ್ಬರಿಗೆ ಸಿಕ್ಕ ಪರಿಹಾರ ಎಲ್ಲರಿಗೂ ಆಗುತ್ತದೆ. ಮನೆಯ ಕಂಪ್ಯೂಟರಿಗೂ ಅದನ್ನೇ ಹಾಕಿಕೊಳ್ಳಬಹುದು, ಯಾರ ಅನುಮತಿಯೂ ಬೇಡ.

ವಿಂಡೋಸ್ ಸುಲಭ ಅನ್ನುವವರು ಒಂದು ವಿಷಯ ಗಮನಿಸುವುದಿಲ್ಲ. ಅವರಲ್ಲಿ ವಿಂಡೋಸನ್ನು ತಾವೇ ಹಾಕಿಕೊಂಡವರು ತೀರಾ ಕಡಿಮೆ. ಲ್ಯಾಪ್‌ಟಾಪ್ ಕೊಂಡಾಗ ಅದು ಒಳಗೇ ಬಂದಿರುತ್ತದೆ. ವೈಫೈ, ಶಬ್ದ ಮುಂತಾದ ಭಾಗಗಳನ್ನು ನಡೆಸುವ ಡ್ರೈವರ್‌ಗಳನ್ನು ತಯಾರಕರೇ ಕೂರಿಸಿರುತ್ತಾರೆ. ಕೆಟ್ಟರೆ ರಿಪೇರಿಯವರು ಸಿಗುತ್ತಾರೆ. ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್‌ನ ತಿರುಳಾದ ಕರ್ನಲ್ಲೇ, ಅದನ್ನು ಯಾರೂ ಕಷ್ಟ ಅನ್ನುವುದಿಲ್ಲ ಅಲ್ವಾ? ಅಲ್ಲೂ ಹಾಕಿಕೊಡುವ ಕೆಲಸವನ್ನು ಬೇರೆಯವರು ಮಾಡಿ ಮುಗಿಸಿರುತ್ತಾರೆ.

ಒಬ್ಬ ಸಾಮಾನ್ಯ ಬಳಕೆದಾರ ತಾನೇ ಲಿನಕ್ಸ್ ಹಾಕಲು ಹೊರಟರೆ ಏನೇನು ಎದುರಾಗುತ್ತದೆ ನೋಡಿ. ಮೊದಲು ಇಡೀ ಲಿನಕ್ಸ್ ಅಡಗಿರುವ ಐಎಸ್ಒ ಫೈಲ್ ಇಳಿಸಿ ಪೆನ್‌ಡ್ರೈವಿಗೆ ಬರೆಯಬೇಕು. ಸುಮ್ನೆ ಕಾಪಿ ಮಾಡಿದರೆ ಸಾಲದು, ಅದಕ್ಕೊಂದು ಬೇರೆ ತಂತ್ರಾಂಶ ಬೇಕು. ಆಮೇಲೆ ಕಂಪ್ಯೂಟರ್ ಶುರುವಾಗುವಾಗ ಒಂದು ಕೀಲಿ ಒತ್ತಬೇಕು. ಒಂದು ಕಂಪನಿಯದಕ್ಕೆ ಎಫ್2, ಇನ್ನೊಂದಕ್ಕೆ ಎಫ್12, ಮತ್ತೊಂದಕ್ಕೆ ಎಸ್ಕೇಪ್. ಒಳಗೆ ಹೋದರೆ ಸೆಕ್ಯೂರ್ ಬೂಟ್ ಅನ್ನುವ ಸುರಕ್ಷತಾ ಸೆಟ್ಟಿಂಗಿನ ಸಾಲು. ಅದನ್ನು ಬದಲಾಯಿಸಿದರೆ ಮುಂದಿನ ಸಲ ವಿಂಡೋಸ್ ತೆರೆಯುವಾಗ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಹಾಗೊಂದು ಕೀ ಇದೆ ಅಂತಲೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಇದೆಲ್ಲ ದಾಟಿದರೆ ಕೊನೆಗೆ ಡಿಸ್ಕ್ ಹಂಚುವ ಪುಟ ಬರುತ್ತದೆ. 'ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು' ಅನ್ನುವ ಆಯ್ಕೆ, ಅದರ ಪಕ್ಕದಲ್ಲೇ 'ವಿಂಡೋಸ್ ಜೊತೆಗೆ ಇನ್‌ಸ್ಟಾಲ್ ಮಾಡು' ಅನ್ನುವ ಆಯ್ಕೆ. ತಪ್ಪಿ ಮೊದಲನೆಯದನ್ನು ಆರಿಸಿ, ಕೇಳಿದ್ದಕ್ಕೆಲ್ಲ ಹೂಂ ಅಂದರೆ ಮದುವೆ ಫೋಟೋಗಳು, ಮಕ್ಕಳ ವಿಡಿಯೋಗಳು ಎಲ್ಲ ಹೋದವು. ಆ ಪುಟದ ಎದುರು ಕೂತು ಹೆದರುವವರನ್ನು ದಡ್ಡರು ಅನ್ನಲು ನಾನು ತಯಾರಿಲ್ಲ. ಅವರು ಹೆದರುವುದು ಸರಿಯಾಗಿಯೇ ಇದೆ.

ಕೆಟ್ಟ ದಿನದ ಕಥೆ ಇನ್ನೊಂದು. ವೈಫೈ ನಿಂತಿತು ಅಂತ ಹುಡುಕಿದರೆ ಸಿಗುವ ಉತ್ತರ, ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ಲಿಗೆ ಅಂಟಿಸಬೇಕಾದ ನಾಲ್ಕು ಸಾಲು. ಅದು ಯಾವ ಆವೃತ್ತಿಗೆ ಬರೆದದ್ದು, ಯಾವ ವರ್ಷದ್ದು ಅಂತ ಹೊಸಬರಿಗೆ ಹೇಗೆ ಗೊತ್ತಾಗಬೇಕು? ಒಂದೇ ತಂತ್ರಾಂಶ ಡೆಬ್, ಸ್ನ್ಯಾಪ್, ಫ್ಲಾಟ್‌ಪ್ಯಾಕ್, ಆಪ್‌ಇಮೇಜ್ ಅಂತ ನಾಲ್ಕು ರೂಪದಲ್ಲಿ ಸಿಗುತ್ತದೆ. ಯಾವುದು ಬೇಕು ಅಂತ ಕೇಳಿದರೆ ಲಿನಕ್ಸ್ ಪ್ರೇಮಿಗಳು ತಮ್ಮತಮ್ಮಲ್ಲೇ ವಾದಕ್ಕೆ ಇಳಿಯುತ್ತಾರೆ, ಕೇಳಿದವನು ವಿಂಡೋಸಿಗೆ ವಾಪಸ್ ಹೋಗಿರುತ್ತಾನೆ. ಲಿನಕ್ಸನ್ನು ಪ್ರೀತಿಸುವ ನಾವೇ ಇದನ್ನು ಸರಿಪಡಿಸಬೇಕು.

ಇನ್ನು ನಮ್ಮ ಕನ್ನಡದ ವಿಷಯ. 

ಲಿನಕ್ಸ್‌ನಲ್ಲಿ ಕನ್ನಡ ಟೈಪ್ ಮಾಡುವುದು ಕಷ್ಟ ಅನ್ನುವ ದೂರು ಬಹಳ ಇದೆ. ನಿಜ ಹೇಳಬೇಕೆಂದರೆ ಟೈಪಿಂಗ್ ಕಷ್ಟವಿಲ್ಲ. ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ತೆರೆದು, ಕೂಡಿಸುವ ಗುರುತು ಒತ್ತಿ, ಪಟ್ಟಿಯ ಕೊನೆಯ ಮೂರು ಚುಕ್ಕಿ ಒತ್ತಿ ಕನ್ನಡ ಹುಡುಕಿದರೆ 'ಕಗಪ' ವಿನ್ಯಾಸ ಸಿಗುತ್ತದೆ. ಇದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, 'ನುಡಿ' ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಹೊಸದೇನಲ್ಲ. ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಗ್ಲಿಷಿನಿಂದ ಕನ್ನಡ, ಕನ್ನಡದಿಂದ ಇಂಗ್ಲಿಷ್. ಗುಬ್ಬಿ, ನವಿಲು ಅನ್ನುವ ಮುಕ್ತ ಫಾಂಟುಗಳೂ ಇವೆ.

ಕಷ್ಟ ಇರುವುದು ಹಳೆಯ ಫೈಲುಗಳಲ್ಲಿ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ, ಬಂದ ಮೇಲೂ ಬಹಳ ಕಾಲ, ನಮ್ಮ ಕಚೇರಿಗಳಲ್ಲಿ, ಅಚ್ಚಿನ ಮನೆಗಳಲ್ಲಿ ಟೈಪ್ ಮಾಡಿದ್ದೆಲ್ಲ 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಆ ಫೈಲಿನ ಒಳಗೆ ಕನ್ನಡ ಅಕ್ಷರವೇ ಇಲ್ಲ. ಇರುವುದು ಲ್ಯಾಟಿನ್ ಗುರುತುಗಳು, ಅವುಗಳಿಗೆ ಕನ್ನಡದ ವೇಷ ತೊಡಿಸುವುದು ಫಾಂಟು. ಅಂಥ ಫೈಲನ್ನು ಲಿನಕ್ಸ್‌ನಲ್ಲಿ ತೆರೆದರೆ 'ನ' ಇರಬೇಕಾದ ಕಡೆ ಬ್ರಿಟಿಷ್ ಪೌಂಡಿನ ಚಿಹ್ನೆ ಕಾಣುತ್ತದೆ. ನೋಡಿದವರು 'ಲಿನಕ್ಸ್‌ನಲ್ಲಿ ಕನ್ನಡ ಬರಲ್ಲ' ಅಂದುಬಿಡುತ್ತಾರೆ. ಆ ಫಾಂಟು ಇಲ್ಲದ ವಿಂಡೋಸ್‌ನಲ್ಲೂ, ನಿಮ್ಮ ಫೋನಿನಲ್ಲೂ ಆ ಫೈಲು ಹಾಗೇ ಕಾಣುತ್ತದೆ. ಫಾಂಟ್ ಹಾಕಿ ಓದಬಹುದು, ನಿಜ. ಆದರೆ ಒಳಗಿರುವ ಒಂದು ಹೆಸರನ್ನು ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಇವೆ, ಚೆನ್ನಾಗಿಯೂ ಕೆಲಸ ಮಾಡುತ್ತವೆ. ಅವುಗಳ ಹೆಸರನ್ನು ಸಾಮಾನ್ಯ ಗುಮಾಸ್ತನಿಗೆ ತಲುಪಿಸಿದವರು ಯಾರೂ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಕರ್ನಾಟಕದಲ್ಲಿ ಏನೂ ಆಗಿಲ್ಲ ಅಂತ ಹೇಳಿದರೆ ಅನ್ಯಾಯ. ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ತರಬೇತಿ ನಡೆದಿದೆ. 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಅನ್ನುವ ತಾಣದಲ್ಲಿ ಶಿಕ್ಷಕರು ಕನ್ನಡದಲ್ಲಿ ಪಾಠಗಳನ್ನು ಸೇರಿಸಿದ್ದಾರೆ. ಅದನ್ನು ಕಟ್ಟಿದವರ ಶ್ರಮ ದೊಡ್ಡದು. ಆದರೆ ಕೇರಳದಲ್ಲಿ ಮಗು ಪಠ್ಯಪುಸ್ತಕ ತೆರೆದರೆ ಲಿನಕ್ಸ್, ಲ್ಯಾಬಿಗೆ ಹೋದರೆ ಲಿನಕ್ಸ್, ಪರೀಕ್ಷೆಗೆ ಕೂತರೂ ಲಿನಕ್ಸ್. ನಮ್ಮಲ್ಲಿ ಆ ಮೂರೂ ಒಂದಕ್ಕೊಂದು ಹೀಗೆ ಸೇರಿಕೊಳ್ಳಲಿಲ್ಲ.

ಹೊರದೇಶದಲ್ಲೂ ಇದೇ ಪಾಠ ಕಾಣುತ್ತದೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಹೋಗುವ ನಿರ್ಧಾರ ಮಾಡಿ, ಸುಮಾರು 15,000 ಕಂಪ್ಯೂಟರುಗಳನ್ನು ಬದಲಿಸಿ, 2017ರಲ್ಲಿ ವಿಂಡೋಸಿಗೆ ಮರಳಲು ತೀರ್ಮಾನಿಸಿತು. ಫ್ರಾನ್ಸಿನ ಜಾಂಡಾರ್ಮರಿ ಪೊಲೀಸರು 2008ರಿಂದ ಉಬುಂಟು ಕಡೆ ಹೊರಟವರು ಹಿಂದೆ ತಿರುಗಲಿಲ್ಲ. ಇಬ್ಬರ ಕೈಯಲ್ಲಿದ್ದದ್ದೂ ಲಿನಕ್ಸೇ. ಒಂದು ಕಡೆ ರಾಜಕೀಯ ಬದಲಾಯಿತು, ಐಟಿ ವಿಭಾಗಗಳು ಹರಿದು ಹಂಚಿಹೋಗಿದ್ದವು. ಇನ್ನೊಂದು ಕಡೆ ಒಂದೇ ಕೇಂದ್ರ ಎಲ್ಲವನ್ನೂ ನೋಡಿಕೊಂಡಿತು.

ಎಲ್ಲರೂ ನಾಳೆಯೇ ಲಿನಕ್ಸ್ ಹಾಕಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಆಟೋಕ್ಯಾಡ್‌ನಲ್ಲಿ ನಕ್ಷೆ ಬಿಡಿಸುವವರು, ಫೋಟೋಶಾಪ್‌ನಲ್ಲೇ ಹೊಟ್ಟೆ ಹೊರೆಯುವವರು ವಿಂಡೋಸ್ ಬಿಡುವುದು ಬೇಡ. ಪರ್ಯಾಯ ಇದೆ ಅಂತ ಅವರ ಹಿಂದೆ ಬೀಳುವುದು ಅವರ ಕೆಲಸಕ್ಕೆ ಅಡ್ಡಿ ಮಾಡಿದಂತೆ. ಬ್ರೌಸರ್, ಇಮೇಲ್, ಸಿನಿಮಾ, ಕಾಗದ ಪತ್ರ ಇಷ್ಟರಲ್ಲೇ ದಿನ ಮುಗಿಯುವವರ ವಿಷಯ ಬೇರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಇಲ್ಲದ, ಪ್ರೊಸೆಸರ್ ಹಳೆಯದಾದ ಎಷ್ಟೋ ಒಳ್ಳೆಯ ಲ್ಯಾಪ್‌ಟಾಪುಗಳನ್ನು ವಿಂಡೋಸ್ 11 ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಂಥದ್ದು ನಿಮ್ಮಲ್ಲಿದ್ದರೆ, ಏನನ್ನೂ ಅಳಿಸದೆ ಪೆನ್‌ಡ್ರೈವಿನಿಂದಲೇ ಲಿನಕ್ಸ್ ಓಡಿಸಿ ನೋಡಿ. ವೈಫೈ, ಶಬ್ದ, ಪ್ರಿಂಟರ್, ಕನ್ನಡ ಕೀಬೋರ್ಡ್, ಮುಚ್ಚಳ ಮುಚ್ಚಿ ತೆರೆದಾಗ ಏಳುತ್ತದೆಯೇ, ಇಷ್ಟನ್ನು ಪರೀಕ್ಷಿಸಿ. ಎಲ್ಲ ಸರಿಯಿದ್ದರೆ ಮಾತ್ರ, ಫೈಲುಗಳ ನಕಲು ಬೇರೆಡೆ ಇಟ್ಟುಕೊಂಡು, ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಕಿ.

ಆ 'ಗೊತ್ತಿರುವ ಒಬ್ಬರು' ಪ್ರತಿ ಊರಿನಲ್ಲೂ ಸಿಗುವಂತೆ ಮಾಡುವುದು ಒಬ್ಬೊಬ್ಬರಿಂದ ಆಗುವ ಕೆಲಸವಲ್ಲ, ಸರ್ಕಾರವೇ ಮಾಡಬೇಕು. ಕನ್ನಡಕ್ಕೆಂದೇ ಕಟ್ಟಿದ ಒಂದು ಲಿನಕ್ಸ್, ಅದರಲ್ಲಿ ಕಗಪ ವಿನ್ಯಾಸ ಮೊದಲೇ ಆನ್ ಆಗಿರಬೇಕು, ಯೂನಿಕೋಡ್ ಫಾಂಟುಗಳಿರಬೇಕು, ನುಡಿ ಮತ್ತು ಬರಹದ ಹಳೆಯ ಫೈಲನ್ನು ಬಲಗಡೆ ಕ್ಲಿಕ್ ಮಾಡಿದರೆ ಯೂನಿಕೋಡಿಗೆ ಬದಲಿಸುವ ಆಯ್ಕೆ ಇರಬೇಕು. ಪ್ರತಿ ಪ್ರೌಢಶಾಲೆಯಲ್ಲಿ ಅದನ್ನು ಬಲ್ಲ ಒಬ್ಬ ಶಿಕ್ಷಕರು ಇರಬೇಕು. ಇದನ್ನು ಕಟ್ಟಬಲ್ಲ ಜನ ಬೆಂಗಳೂರಿನಲ್ಲೇ ಇದ್ದಾರೆ. ಪಠ್ಯಪುಸ್ತಕ ಬರೆಯುವಾಗ ನೋಡಿಕೊಳ್ಳಲು ಕಾಸರಗೋಡಿನ ಕನ್ನಡ ಪುಸ್ತಕವೇ ಇದೆ.