ಮೂರಿಂಚಿನ ಚಾಕು

ಅಂಗಡಿಯಲ್ಲಿ ನೂರು ರೂಪಾಯಿ ಒಳಗೆ ಸಿಗುವ ಚಾಕುವನ್ನು ನಾನೇ ಯಾಕೆ ಮಾಡಿಸಬೇಕಿತ್ತು ಅಂತ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ನಾನು ಇವತ್ತಿಗೂ ಮಾತು ಬದಲಾಯಿಸುತ್ತೇನೆ.

ಮೊದಲು ಚಿತ್ರ ಬರೆದೆ. 3 ಇಂಚು ಅಲಗು, 4 ಇಂಚು ಹಿಡಿ. ಮಡಚುವ ಚಾಕು ಅಲ್ಲ. ಅಲಗಿನ ಉಕ್ಕೇ ಹಿಡಿಯ ಕೊನೆತನಕ ಹೋಗಬೇಕು, ಎರಡೂ ಕಡೆ ಹುಣಸೆಮರದ ತುಂಡು ಕೂರಬೇಕು. ಬೆರಳು ಮುಂದಕ್ಕೆ ಜಾರದಂತೆ ಹಿಡಿಯ ತುದಿಯಲ್ಲಿ ಒಂದು ಉಬ್ಬು ಇಟ್ಟಿದ್ದೆ. ಒಂಬತ್ತನೇ ಚಿತ್ರದಲ್ಲಿ ಅದು ಯಾಕೋ ಗೂನುಬೆನ್ನಿನ ಹಾಗೆ ಕಂಡಿತು, ತೆಗೆದುಬಿಟ್ಟೆ. ಆಮೇಲೆ ಮದುವೆ ಕಾರ್ಡು ಕತ್ತರಿಸಿ ಮಾದರಿ ಮಾಡಿಕೊಂಡು, ಅಡುಗೆಮನೆಯಲ್ಲಿ ನಿಂತು ಸುಮ್ನೆ ಗಾಳಿಯಲ್ಲೇ ಈರುಳ್ಳಿ ಹೆಚ್ಚುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿ, ಏನೂ ಕೇಳದೆ ವಾಪಸ್ ಹೋದಳು. ಅದು ಮಾರನೇ ದಿನ ಹೋಗಬೇಕಿದ್ದ ಮದುವೆಯ ಕಾರ್ಡು ಅಂತ ಸಂಜೆ ಗೊತ್ತಾಯಿತು.

ಗುಜರಿ ಅಂಗಡಿಯಿಂದ ಜೀಪಿನ ಹಳೇ ಕಮಾನು ಪಟ್ಟಿಯ ತುಂಡೊಂದನ್ನು ತಂದು, ಗುಬ್ಬಿ ರಸ್ತೆ ಕಡೆಯ ಕುಲುಮೆಗೆ ಹೋದೆ. ಯಜಮಾನರು ನನ್ನ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಮೀನಾ ಸಾರ್?" ಅಂದರು.

ಅಲಗು ಬಡಿದು, ಅರ ಉಜ್ಜಿದ್ದಾಯಿತು. ಇನ್ನು ಹದ ಹಾಕುವ ಕೆಲಸ. ಉಕ್ಕು ಸುಮಾರು 770 ಡಿಗ್ರಿಗೆ ಕಾದರೆ ಅಯಸ್ಕಾಂತ ಅಂಟುವುದಿಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿ ಕಾಯಿಸಿ ಎಣ್ಣೆಗೆ ಅದ್ದಬೇಕು ಅಂತ ಓದಿಕೊಂಡಿದ್ದೆ. ಅದಕ್ಕೇ ಮನೆಯ ಫ್ರಿಜ್ಜಿನ ಬಾಗಿಲಿನಿಂದ ಮೈಸೂರು ಅರಮನೆಯ ಅಯಸ್ಕಾಂತ ಕಿತ್ತು ಜೇಬಲ್ಲಿಟ್ಟುಕೊಂಡು ಹೋಗಿದ್ದೆ. ಕೆಂಡದಂಥ ಅಲಗಿಗೆ ಅದನ್ನು ತಾಗಿಸಿದೆ. ಅಂಟಲಿಲ್ಲ, ನಿಜ. ಆದರೆ ಅರಮನೆಯ ಗೋಪುರಗಳು ಮೆಲ್ಲಗೆ ಬಗ್ಗಿ, ತೊಟ್ಟು ತೊಟ್ಟಾಗಿ ಕುಲುಮೆಗೆ ಇಳಿದವು. ಪ್ಲಾಸ್ಟಿಕ್ ಅಂತ ನೆನಪಾಗಿದ್ದು ವಾಸನೆ ಬಂದ ಮೇಲೆ.

"ಬಣ್ಣ ನೋಡಿದ್ರೆ ಗೊತ್ತಾಗುತ್ತೆ ಸಾರ್," ಅಂದರು ಯಜಮಾನರು. "ಕುಲುಮೇನ ಕತ್ತಲಲ್ಲಿ ಇಟ್ಟಿರೋದು ಯಾಕೆ ಅಂದ್ಕೊಂಡ್ರಿ?" ಕರೆಂಟಿಗೆ ದುಡ್ಡು ಕಟ್ಟಿಲ್ಲ ಅಂದುಕೊಂಡಿದ್ದೆ. ಹೇಳಲಿಲ್ಲ.

ಎಣ್ಣೆಗೆ ಅದ್ದಿದ ಉಕ್ಕು ಗಾಜಿನ ಹಾಗೆ, ಬಿದ್ದರೆ ಒಡೆಯುತ್ತದೆ. ಮತ್ತೆ 200 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಬೇಕು. ನಮ್ಮ ಓವನ್ನಿನಲ್ಲಿ ಕಾಯಿಸಿದೆ. ಅಲಗು ಒಣಹುಲ್ಲಿನ ಬಣ್ಣಕ್ಕೆ ಚೆನ್ನಾಗಿ ತಿರುಗಿತು. ಆ ವಾರ ಮಗಳ ಹುಟ್ಟುಹಬ್ಬದ ಕೇಕು ಮಾತ್ರ ಗ್ಯಾರೇಜಿನ ವಾಸನೆ ಹೊಡೆಯಿತು.

ಹಿಡಿ ಕೂರಿಸಿ, ಕನ್ನಡಿಯ ಹಾಗೆ ಪಾಲಿಶ್ ಮಾಡಿದೆ. ಅಷ್ಟರಲ್ಲಿ ಅತ್ತೆ ಚೇಳೂರಿನಿಂದ ಸಿದ್ದು ಹಲಸು ತಂದರು. ಎರಡು ಮೂರು ಕೆ.ಜಿ.ಯ ಪುಟ್ಟ ಹಣ್ಣು, ಕೆಂಪು ತೊಳೆ. ನನ್ನ ಚಾಕುವಿಗೆ ಅಂತಲೇ ಹುಟ್ಟಿದ ಹಣ್ಣು, ಅಲ್ವಾ?

ಮೇಣ ಅಂಟದಿರಲಿ ಅಂತ ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಬಳಿದುಕೊಂಡು ಒತ್ತಿದೆ. ಚಾಕು ಹಣ್ಣಿನಲ್ಲೇ ನಿಂತಿತು, ಕೈ ಮುಂದಕ್ಕೆ ಹೋಯಿತು. ಅಲಗು ಎಷ್ಟು ಹರಿತವಾಗಿ ಬಂದಿದೆ ಅಂತ ತಿಳಿದಿದ್ದು ಆಗಲೇ.

ಅತ್ತೆ ಬೆರಳಿಗೆ ಅರಿಶಿನ ಒತ್ತಿದರು. ಹಣ್ಣಿನಿಂದ ಚಾಕು ಕಿತ್ತು, ಬೆಳಕಿಗೆ ಹಿಡಿದು ನೋಡಿದರು. "ಚೆನ್ನಾಗಿದೆ ಅಳಿಯಂದ್ರೇ. ಮಚ್ಚು ಎಲ್ಲಿದೆ?"

ಹತ್ತನೇ ಚಿತ್ರದಲ್ಲಿ ಉಬ್ಬು ವಾಪಸ್ ಬಂದಿದೆ. ಮೊನ್ನೆ ಯಾರದ್ದೋ ಮದುವೆ ಕಾರ್ಡು ಬಂತು. ಹೆಂಡತಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ.