ಓಡುಗ ದೇವರು
350 ರೂಪಾಯಿ ಕೊಟ್ಟು ಒಂದು ಪುಸ್ತಕ ತಗೊಂಡೆ ಕಣ್ರೀ, 21 ದಿನದಲ್ಲಿ ಲೇಖಕರಾಗೋದು ಹೇಗೆ ಅನ್ನೋ ಥರದ್ದು, ಹೆಸರು ಬೇಡ ಬಿಡಿ. ಬೆನ್ನುಪುಟದಲ್ಲಿ ಪರಿಚಯ ಇದೆ: ಇವರು ಇನ್ನೂರಕ್ಕೂ ಹೆಚ್ಚು ಜನರನ್ನ ಲೇಖಕರನ್ನಾಗಿ ಮಾಡಿದಾರಂತೆ, ಇದು ಅವರ ಚೊಚ್ಚಲ ಕೃತಿಯಂತೆ. ಕನ್ನಡಕ ಒರೆಸ್ಕೊಂಡು ಇನ್ನೊಂದ್ಸಲ ಓದಿದೆ. ಹೌದು, ಚೊಚ್ಚಲ.

ಶುರುನಲ್ಲೇ ಬೆಳಿಗ್ಗೆ ಐದಕ್ಕೆ ಏಳಿ, ಬಿಸಿನೀರಿಗೆ ನಿಂಬೆಹಣ್ಣು ಹಿಂಡ್ಕೊಂಡು ಕುಡೀರಿ, ಫೋನ್ ಬೇರೆ ರೂಮಲ್ಲಿಡಿ ಅಂತ ಹದಿನಾಲ್ಕು ಪುಟ, ಇದು ಕಾದಂಬರಿ ಬರೆಯೋಕೋ ಬೊಜ್ಜು ಕರಗಿಸೋಕೋ ಅಂತ ನಂಗೆ ಡೌಟು. ನಮ್ಮ ಗದುಗಿನ ನಾರಣಪ್ಪ ಮಿಂದು ಬಂದು ವೀರನಾರಾಯಣನ ಗುಡೀಲಿ ಒದ್ದೆ ಬಟ್ಟೇಲೇ ಕೂತು, ಅದು ಒಣಗೋವರೆಗೆ ಮಾತ್ರ ಭಾರತ ಬರೀತಿದ್ದ ಅಂತ ಕತೆ ಹೇಳ್ತಾರಲ್ಲ, ಡೆಡ್‌ಲೈನ್ ಅಂದ್ರೆ ಅದು! ಅದರ ಮೇಲೆ 'ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ' ಅಂತ ಕೊಚ್ಕೊಂಡಿದಾನೆ ಬೇರೆ. ಈ ಪುಸ್ತಕದ ಪ್ರಕಾರ ನಾಲ್ಕು ಬಣ್ಣದ ಸ್ಟಿಕ್ಕಿ ನೋಟ್ ಇಲ್ದೆ ಒಂದು ಪಾತ್ರಾನೂ ಹುಟ್ಟಲ್ಲ.

ಆಮೇಲೆ ಇದ್ದೇ ಇದ್ಯಲ್ಲ, 'ಹೇಳಬೇಡಿ, ತೋರಿಸಿ'. ಅವಳಿಗೆ ಸಿಟ್ಟು ಬಂತು ಅಂತ ಬರೀಬಾರ್ದಂತೆ, ಅವಳ ಮುಷ್ಟಿ ಬಿಗಿಯಾಯಿತು ಅಂತ ಬರೀಬೇಕಂತೆ. ಯಾರ ಮನೇಲಿ ಸ್ವಾಮಿ? ನಮ್ಮನೇಲಿ ಸಿಟ್ಟು ಬಂದ್ರೆ ಮುಷ್ಟಿ ಗಿಷ್ಟಿ ಏನೂ ಬಿಗಿಯಲ್ಲ, ಅಡುಗೆಮನೇಲಿ ಪಾತ್ರೆ ಸದ್ದು ಜೋರಾಗತ್ತೆ, ಆಮೇಲೆ 'ಊಟಕ್ಕೆ ಬನ್ನಿ' ಅನ್ನೋ ಮಾತು ಮಗನ ಬಾಯಿಂದ ಬರತ್ತೆ.

ಮಧ್ಯ ಮಧ್ಯ ಬಾಕ್ಸ್ ಹಾಕಿ ದೊಡ್ಡೋರ ನುಡಿಮುತ್ತು. ಕುಡಿದು ಬರೆಯಿರಿ, ಕುಡಿಯದೆ ತಿದ್ದಿರಿ ಅಂತ ಹೆಮಿಂಗ್ವೇ ಹೆಸರಲ್ಲಿ ಒಂದು. ಆತ ಹಂಗಂದಿದ್ದಕ್ಕೆ ದಾಖಲೇನೇ ಇಲ್ಲ, ಆದ್ರೂ ವಾಟ್ಸಾಪಲ್ಲಿ ಬಂದ್ಮೇಲೆ ಅಂದೇ ಇರ್ತಾನೆ ಬಿಡಿ. ಇನ್ನು ಕರಡು ತಿದ್ದೋದರ ಬಗ್ಗೆ ಇರೋ ಅಧ್ಯಾಯದಲ್ಲಿ, ದಪ್ಪಕ್ಷರದಲ್ಲಿ, ಬಾರ್ಡರ್ ಹಾಕಿ, 'ಓಡುಗನೇ ದೇವರು' ಅಂತ ಅಚ್ಚಾಗಿದೆ. ಮೊದಲು ನಕ್ಕೆ, ಆಮೇಲೆ ಇಡೀ ಪುಸ್ತಕದಲ್ಲಿ ಅನುಭವದಿಂದ ಬಂದಿರೋ ಮಾತು ಇದೊಂದೇ ಇರಬೇಕು ಅನ್ನಿಸ್ತು.

ತಮಾಷೆ ಅಂದ್ರೆ ಕನ್ನಡದಲ್ಲಿ ನಮ್ಮ ಕೈಗೆ ಸಿಕ್ಕಿರೋ ಅತಿ ಹಳೇ ಗ್ರಂಥಾನೇ ಬರೆಯೋದು ಹೇಗೆ ಅನ್ನೋ ಪುಸ್ತಕ, 9ನೇ ಶತಮಾನದ ಕವಿರಾಜಮಾರ್ಗ. ಕಾವ್ಯದಲ್ಲಿ ಏನೇನು ದೋಷ ಆಗತ್ತೆ ಅಂತ ಉದಾಹರಣೆ ಕೊಟ್ಟು ಕೊಟ್ಟು ಹೇಳ್ತಾನೆ ಶ್ರೀವಿಜಯ, ಆದ್ರೂ ಈ ನಾಡಿನ ಜನ 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್' ಅಂದ್ಬಿಟ್ಟ, ಅಂದ್ರೆ ಓದದೇನೂ ಕಾವ್ಯ ಬಲ್ಲೋರು ಅಂತ. ಈಗಿನ ಮೆಂಟರ್‌ಗಳು ಹಂಗಂದ್ರೆ ಕೊನೇ ಪುಟದಲ್ಲಿರೋ ಕ್ಯೂಆರ್ ಕೋಡ್ ಯಾರು ಸ್ಕ್ಯಾನ್ ಮಾಡ್ಬೇಕು? ನಾನು ಮಾಡ್ದೆ. ಎರಡು ದಿನದ ಆನ್‌ಲೈನ್ ಶಿಬಿರ, 4,999 ರೂಪಾಯಿ, ಸರ್ಟಿಫಿಕೇಟ್ ಫ್ರೀ.

ಒಟ್ಟು 136 ಪುಟದಲ್ಲಿ ಕೊನೇ ಇಪ್ಪತ್ತು 'ನಿಮ್ಮ ಮೊದಲ ಕತೆ ಇಲ್ಲಿ ಬರೆಯಿರಿ' ಅಂತ ಗೆರೆ ಹಾಕಿ ಖಾಲಿ ಬಿಟ್ಟಿದಾರೆ. ಪೇಪರ್ ಚೆನ್ನಾಗಿದೆ, ಇಂಕ್ ಹರಡಲ್ಲ. ನಮ್ಮನೆಯವಳು ಹೋದ ಸೋಮವಾರದಿಂದ ಅದರಲ್ಲಿ ಹಾಲಿನ ಲೆಕ್ಕ ಬರೀತಿದಾಳೆ.